ಸ್ಪ್ಯಾನಿಶ್‌ನ ‘ಸೆ’ ಎಂದರೆ ನಮ್ಮ ‘ಕೊಳ್ಳು’ ತಾನೆ?

ಪ್ರಶ್ನೆ: ‘ಲಬಾರ್’ ಎಂದರೆ ತೊಳೆ, ‘ಲಬಾರ್ಸೆ’ ಎಂದರೆ ತೊಳೆದುಕೊ. ಇಲ್ಲಿಯವರೆಗೆ ಸರಿ. ಆದರೆ ‘ಲೆಬಂತಾರ್ಸೆ’ಗೆ ನಿಘಂಟಿನಲ್ಲಿ ‘ಏಳು’ ಎಂದಿದೆ. ಏಳುವುದರಲ್ಲಿ ‘ಕೊಳ್ಳು’ ಎಲ್ಲಿ ಬಂತು? ವರ್ತಮಾನದ ರೂಪಗಳನ್ನೂ ತಿಳಿಸಿ.

ಉತ್ತರ: ನಿಮ್ಮ ಊಹೆ ಅರ್ಧ ಸರಿ. ‘ಮೆ ಲಾಬೊ ಲಾಸ್ ಮಾನೊಸ್’ ಎಂದರೆ ಕೈ ತೊಳೆದುಕೊಳ್ಳುತ್ತೇನೆ. ಯಾರ ಕೈ ಎಂದು ನಾವು ಬಿಡಿಸಿ ಹೇಳುವುದಿಲ್ಲ, ‘ಕೊಳ್ಳು’ವಿನಲ್ಲೇ ಗೊತ್ತಾಗುತ್ತದೆ. ಸ್ಪ್ಯಾನಿಶ್‌ನಲ್ಲಿ ಆ ಕೆಲಸ ‘ಮೆ’ಯದು, ಅಂದರೆ ‘ನಾನು’ ಇದ್ದಾಗ ‘ಸೆ’ ತಾಳುವ ರೂಪದ್ದು. ‘ಮಿಸ್ ಮಾನೊಸ್’, ಅಂದರೆ ‘ನನ್ನ ಕೈ’ ಎಂದು ಎಡವುವುದು ಇಂಗ್ಲಿಷ್ ಮೂಲಕ ಕಲಿತವರು.

‘ಲೆಬಂತಾರ್ಸೆ’ಗೆ ಏಳು–ಎಬ್ಬಿಸು, ಮಲಗು–ಮಲಗಿಸು, ಕೂರು–ಕೂರಿಸು ಜೋಡಿಗಳನ್ನು ನೋಡಿ. ನಮ್ಮಲ್ಲಿ ಬರಿಯ ಧಾತು ತಾನೇ ಮಾಡುವ ಕೆಲಸ, ‘ಇಸು’ ಹತ್ತಿದರೆ ಇನ್ನೊಬ್ಬರಿಂದ ಮಾಡಿಸುವುದು. ಸ್ಪ್ಯಾನಿಶ್‌ನಲ್ಲಿ ಇದು ತಿರುವುಮುರುವು: ಬರಿಯ ‘ಲೆಬಂತಾರ್’ ಎಂದರೆ ಎತ್ತು, ಎಬ್ಬಿಸು; ‘ಸೆ’ ಸೇರಿದರೆ ಏಳು. ಹಾಗಾಗಿ ‘ಲೆಬಾಂತೊ ಆ ಲಾಸ್ ಸೇಯ್ಸ್’ ಎಂದರೆ ‘ಆರಕ್ಕೆ ಎತ್ತುತ್ತೇನೆ’ ಎಂದಾಗಿ, ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ.

ರೂಪಗಳು: ನಾನು ‘ಮೆ ಲೆಬಾಂತೊ’, ನೀನು ‘ತೆ ಲೆಬಾಂತಾಸ್’, ಅವನು, ಅವಳು ಮತ್ತು ಗೌರವದ ನೀವು ‘ಸೆ ಲೆಬಾಂತಾ’, ನಾವು ‘ನೋಸ್ ಲೆಬಂತಾಮೊಸ್’, ಸ್ಪೇನ್‌ನಲ್ಲಿ ಸಲುಗೆಯ ನೀವುಗಳು ‘ಓಸ್ ಲೆಬಂತಾಯ್ಸ್’, ಅವರು ‘ಸೆ ಲೆಬಾಂತಾನ್’. ಲ್ಯಾಟಿನ್ ಅಮೆರಿಕದಲ್ಲಿ ‘ಓಸ್’ ಬಳಕೆಯಿಲ್ಲ, ಅಲ್ಲಿ ನೀವುಗಳಿಗೂ ‘ಸೆ ಲೆಬಾಂತಾನ್’ ಸಾಕು. ‘ಅಕೊಸ್ತಾರ್ಸೆ’ (ಮಲಗು) ಹೀಗೆಯೇ, ಆದರೆ ಒತ್ತು ಬಿದ್ದ ಕಡೆ ‘ಒ’ ಒಡೆದು ‘ವೆ’ ಆಗುತ್ತದೆ: ‘ಮೆ ಅಕ್ವೆಸ್ತೊ’, ‘ಸೆ ಅಕ್ವೆಸ್ತಾ’. ‘ನೋಸ್ ಅಕೊಸ್ತಾಮೊಸ್’ನಲ್ಲಿ ಒತ್ತು ಮುಂದಕ್ಕೆ ಸರಿದದ್ದರಿಂದ ‘ಒ’ ಹಾಗೇ ಉಳಿಯಿತು.

ಕನ್ನಡಿಗರು ಜಾರುವ ಜಾಗ ಬೇರೆಯೇ ಇದೆ. ನಮ್ಮ ‘ಕೊಳ್ಳು’ ಎಲ್ಲರಿಗೂ ಒಂದೇ. ಬದಲಾಗುವುದು ಕೊನೆಯ ಪ್ರತ್ಯಯ ಮಾತ್ರ. ಆ ಅಭ್ಯಾಸದಲ್ಲಿ, ‘ಮಲಗಲಿದ್ದೇನೆ’ ಎನ್ನಲು ‘ಸೆ’ಯನ್ನು ಅಂಟಿಸಿಕೊಂಡೇ ‘ಬೊಯ್ ಆ ಅಕೊಸ್ತಾರ್ಸೆ’ ಎಂದುಬಿಡುತ್ತೇವೆ. ‘ನಾನು’ ಇದ್ದ ಮೇಲೆ ‘ಮೆ’ಯೇ ಬರಬೇಕು: ‘ಬೊಯ್ ಆ ಅಕೊಸ್ತಾರ್ಮೆ’ ಅಥವಾ ‘ಮೆ ಬೊಯ್ ಆ ಅಕೊಸ್ತಾರ್’. ನಡುವೆ ತೂರಿಸಿ ‘ಬೊಯ್ ಆ ಮೆ ಅಕೊಸ್ತಾರ್’ ಎನ್ನುವಂತಿಲ್ಲ. ನಿಷೇಧದಲ್ಲಿ ‘ನೋ’ ಮೊದಲು: ‘ನೋ ಮೆ ಲೆಬಾಂತೊ’.

ಇನ್ನೊಂದು ಉತ್ತರ: ಮೇಲಿನದಕ್ಕೆ ಎರಡು ಮಾತು ಸೇರಿಸಬೇಕು. ‘ಕೊಳ್ಳು’ ಇದ್ದಲ್ಲೆಲ್ಲ ‘ಸೆ’ ಹಾಕಬೇಡಿ. ಕಲಿತುಕೊಳ್ಳುವುದಕ್ಕೆ ಬರಿಯ ‘ಅಪ್ರೆಂದೇರ್’ ಸಾಕು. ಇನ್ನು ಕೆಲವು ‘ಸೆ’ಗಳು ನಮ್ಮ ‘ಬಿಡು’ವಿಗೆ ಹತ್ತಿರ. ‘ಇರ್’ ಹೋಗು, ‘ಇರ್ಸೆ’ ಹೊರಟುಬಿಡು. ‘ಕೊಮೇರ್’ ತಿನ್ನು, ‘ಸೆ ಕೋಮೆ ಎಲ್ ಪಾನ್’ ಎಂದರೆ ಇದ್ದ ಬ್ರೆಡ್ಡನ್ನೆಲ್ಲ ತಿಂದುಬಿಡುತ್ತಾನೆ. ಇಂಥಲ್ಲಿ ‘ತಿಂದುಕೊಳ್ಳುತ್ತಾನೆ’ ಎಂದು ಅನುವಾದಿಸಿದರೆ ಕೆಟ್ಟಿತು.