ನಿಂಬೆ ಗಿಡಕ್ಕೆ ತಿಂಗಳಿಗೊಮ್ಮೆ ಔಷಧಿ ಹೊಡೆಯಲೇಬೇಕಾ?

ಪ್ರಶ್ನೆ: ಸರ್, ಮನೆ ಮುಂದೆ ಮೂರು ವರ್ಷದ ನಿಂಬೆ ಗಿಡ ಇದೆ. ಎಳೆ ಎಲೆಗಳ ಮೇಲೆ ಬೆಳ್ಳಿ ಬಣ್ಣದ ಗೆರೆಗಳು ಬಂದು ಎಲೆ ಮುದುಡಿದೆ. ಹಳೆ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಕಾಂಡದ ತುಂಬ ಇರುವೆ. ವರ್ಷವಿಡೀ ತಿಂಗಳಿಗೊಮ್ಮೆ ಕೀಟನಾಶಕ ಹೊಡೆಯಿರಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಮೊದಲು ಇರುವೆ ತಡೆಯಿರಿ. ಸಸ್ಯಹೇನು, ಹಿಟ್ಟು ತಿಗಣೆ, ಬಿಳಿ ನೊಣ ಇವೆಲ್ಲ ರಸ ಹೀರಿ ಸಿಹಿ ಅಂಟು ಸುರಿಸುತ್ತವೆ. ಇರುವೆ ಬರುವುದು ಆ ಅಂಟಿಗೆ. ಅದಕ್ಕಾಗಿ ಆ ಕೀಟಗಳನ್ನು ಕಾಯುತ್ತದೆ, ಅವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತದೆ. ನೀವು ನೋಡಿದ ಕಪ್ಪು ಕೂಡ ಅದೇ ಅಂಟಿನ ಮೇಲೆ ಬೆಳೆದ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಆದರೆ ಅಂಟು ನಿಲ್ಲದಿದ್ದರೆ ಮತ್ತೆ ಬರುತ್ತದೆ.

ಕಾಂಡಕ್ಕೆ ದಪ್ಪ ಕಾಗದ ಸುತ್ತಿ, ಕಾಗದದ ಮೇಲೆ ಇರುವೆ ತಡೆಯುವ ಅಂಟು ಬಳಿಯಿರಿ. ತೊಗಟೆಗೆ ನೇರವಾಗಿ ಬಳಿಯಬೇಡಿ. ಗೋಡೆಗೋ ನೆಲಕ್ಕೋ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಅಲ್ಲಿಂದ ಹತ್ತುತ್ತದೆ.

ಬೆಳ್ಳಿ ಗೆರೆ ಮಾತ್ರ ಬೇರೆ ವಿಷಯ, ಅದು ರಂಗೋಲಿ ಹುಳು. ಎಲೆಯ ಪದರದೊಳಗೇ ಇರುವುದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಎಳೆ ಚಿಗುರಿಗೆ ಮಾತ್ರ ಬರುತ್ತದೆ, ಬಲಿತ ಎಲೆಯ ತಂಟೆಗೆ ಹೋಗುವುದಿಲ್ಲ. ಮುದುಡಿದ ಎಲೆಗಳನ್ನು ಕೀಳಬೇಡಿ, ಉಳಿದ ಹಸಿರು ಗಿಡಕ್ಕೆ ಊಟ ಮಾಡಿಕೊಡುತ್ತಲೇ ಇರುತ್ತದೆ. ಯೂರಿಯಾ ಜಾಸ್ತಿ ಹಾಕಿದರೆ ಚಿಗುರು ಜಾಸ್ತಿ, ಹುಳುವೂ ಜಾಸ್ತಿ. ಗಿಡ ದೊಡ್ಡದಾದ ಮೇಲೆ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ.

ಪ್ರಶ್ನೆ: ಹಾಗಾದರೆ ವರ್ಷದಲ್ಲಿ ಯಾವಾಗ ಏನು ನೋಡಬೇಕು ಸರ್?

ಉತ್ತರ: ಕ್ಯಾಲೆಂಡರ್ ಬೇಡ, ಚಿಗುರು ನೋಡಿ. ಹೊಸ ಚಿಗುರು ಬಂದಾಗಲೆಲ್ಲ ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ. ಸಸ್ಯಹೇನು ಇದ್ದರೆ ಪೈಪಿನ ನೀರನ್ನು ಜೋರಾಗಿ ಹಾಯಿಸಿ, ಎಷ್ಟೋ ಸಲ ಅಷ್ಟೇ ಸಾಕು. ಹೂ ಬಿಟ್ಟಾಗ ಏನೂ ಸಿಂಪಡಿಸಬೇಡಿ. ಜೇನುನೊಣಗಳು ಬರುತ್ತಿರುತ್ತವೆ ಅಲ್ವಾ?

ಒಣ ಬಿಸಿಲಿನ ದಿನಗಳಲ್ಲಿ ನುಸಿ (ಎಲೆಯ ರಸ ಹೀರುವ ಬಹಳ ಸಣ್ಣ ಜೀವಿ) ಹೆಚ್ಚುತ್ತದೆ, ಎಲೆ ಮಂಕಾಗುತ್ತದೆ. ಧೂಳು ಕೂತ ಎಲೆಗಳನ್ನು ಬೆಳಗ್ಗೆ ತೊಳೆಯಿರಿ. ಬೇವಿನ ಎಣ್ಣೆ ಬೇಕೇ ಬೇಕು ಅನ್ನಿಸಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ., ಜೊತೆಗೆ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊಡೆಯಿರಿ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಉಷ್ಣಾಂಶ 32 ಡಿಗ್ರಿ ದಾಟಿದ್ದಾಗ ಅಥವಾ ಗಿಡ ನೀರಿಲ್ಲದೆ ಬಾಡಿದ್ದಾಗ ಎಣ್ಣೆ ಎಲೆಯನ್ನೇ ಸುಡುತ್ತದೆ.

ಚಳಿಗಾಲದಲ್ಲಿ ಕೊಂಬೆಗಳಿಗೆ ಅಂಟಿದ ಚಿಪ್ಪಿನಂಥ ಶಲ್ಕ ಕೀಟ ಹುಡುಕಿ. ಹಳೆ ಬ್ರಷ್‌ನಲ್ಲಿ ಉಜ್ಜಿ ತೆಗೆಯಬಹುದು.

ನಾನು ನಿಜಕ್ಕೂ ಹೆದರುವುದು ಒಂದೇ ಕೀಟಕ್ಕೆ, ಸಿಲ್ಲಾ. ಕೇವಲ 3-4 ಮಿ.ಮೀ. ಉದ್ದ. ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಮರಿಗಳು ಬಿಳಿ ಮೇಣದ ಎಳೆ ಬಿಡುತ್ತವೆ. ಗ್ರೀನಿಂಗ್ ರೋಗ ಹರಡುವುದು ಇದೇ, ಆ ರೋಗಕ್ಕೆ ಮದ್ದಿಲ್ಲ. ಎಲೆಯ ನಡು ನರದ ಎರಡು ಬದಿಗೂ ಹಳದಿ ಒಂದೇ ಥರ ಇಲ್ಲದಿದ್ದರೆ, ಹಣ್ಣು ಸೊಟ್ಟಗಾಗಿ ಕಹಿಯಾದರೆ, ತಡ ಮಾಡದೆ ಕೃಷಿ ಅಧಿಕಾರಿಗಳಿಗೆ ತೋರಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಕುಂಡದ ಗಿಡದಲ್ಲಿ ಹಕ್ಕಿ ಹಿಕ್ಕೆಯಂಥ ಹುಳುಗಳಿವೆ. ಕೊಲ್ಲಬೇಕಾ?

ಉತ್ತರ: ಅವು ನಿಂಬೆ ಚಿಟ್ಟೆಯ ಮರಿಗಳು, ಮೇಡಂ. ದೊಡ್ಡದಾದಾಗ ಹಸಿರಾಗುತ್ತವೆ. ಕುಂಡದ ಗಿಡವನ್ನು ಬೋಳು ಮಾಡಿಬಿಡುತ್ತವೆ, ಹಾಗಾಗಿ ಕೈಯಲ್ಲಿ ತೆಗೆಯಿರಿ. ಹತ್ತಿರದಲ್ಲಿ ದೊಡ್ಡ ನಿಂಬೆ ಮರ ಇದ್ದರೆ ಅಲ್ಲಿಗೆ ಬಿಡಿ. ಅದಕ್ಕೆ ನಾಲ್ಕು ಎಲೆ ಹೋದರೆ ಗೊತ್ತೂ ಆಗುವುದಿಲ್ಲ.