ಹಲಗೆ ಜೋಡಿಸಿ ಕ್ಲ್ಯಾಂಪ್ ಬಿಗಿದರೆ ಟೇಬಲ್ ಟಾಪ್ ನಡುವೆ ಉಬ್ಬುತ್ತಿದೆ, ಏನು ಮಾಡಲಿ?

ಹುಬ್ಬಳ್ಳಿ_ಹವ್ಯಾಸಿ

ನಮಸ್ಕಾರ ಎಲ್ಲರಿಗೂ. ಮಗಳಿಗೆ ಓದುವ ಟೇಬಲ್ ಮಾಡುತ್ತಿದ್ದೇನೆ. ಧಾರವಾಡದ ಹಳೆ ಮನೆಯೊಂದರ ಬಾಗಿಲಿನ ಸಾಗವಾನಿ ಸಿಕ್ಕಿದೆ, ಚೆನ್ನಾಗಿ ಒಣಗಿದ ಮರ. 4 ಹಲಗೆ, ಒಂದೊಂದು 5 ಇಂಚು ಅಗಲ, 1 ಇಂಚು ದಪ್ಪ, 4 ಅಡಿ ಉದ್ದ. ಬದಿಗೆ ಬದಿ ಅಂಟಿಸಿ 20 ಇಂಚಿನ ಟಾಪ್ ಆಗಬೇಕು.

ಅಂಟು ಹಚ್ಚುವ ಮೊದಲು ಸುಮ್ನೆ ಒಣದಾಗಿ ಜೋಡಿಸಿ ನೋಡಿದೆ. ಮೂರು ಪೈಪ್ ಕ್ಲ್ಯಾಂಪ್ (ಪೈಪಿನ ಮೇಲಿನ ಎರಡು ತಲೆಗಳ ನಡುವೆ ಹಲಗೆ ಹಿಡಿದು ಸ್ಕ್ರೂನಿಂದ ಬಿಗಿಯುವಂಥದ್ದು), ಮೂರೂ ಕೆಳಗಿನಿಂದ. ಹಗುರವಾಗಿ ಬಿಗಿದಾಗ ಚಪ್ಪಟೆ ಇರುತ್ತದೆ, ಇನ್ನೂ ಬಿಗಿದರೆ ನಡುಭಾಗ ಪೈಪ್ ಬಿಟ್ಟು ಮೇಲೇಳುತ್ತದೆ. ಉಕ್ಕಿನ ಸ್ಕೇಲ್ ಅಡ್ಡ ಇಟ್ಟರೆ ಒಂದು ಸೂತಕ್ಕೂ (ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿ.ಮೀ.) ಜಾಸ್ತಿ ಉಬ್ಬು. ಮೇಲೆ ಭಾರ ಹೇರಿ ಅಂಟಿಸಿಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಆಮೇಲೆ ರಂಧಾ (ಮರ ಹೆರೆಯುವ ಸಾಧನ) ಹೊಡೆದು ಮಟ್ಟ ಮಾಡಿದರೆ ದಪ್ಪ ಹೋಗುತ್ತದೆ, ಇಂಥ ಮರ ಮತ್ತೆ ಸಿಗುವುದಿಲ್ಲ.

ಗದಗದ_ಬಡಿಗೇರ

ಭಾರ ಹೇರಬೇಡಿ ಸರ್. ಒಣದಾಗಿ ಜೋಡಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು.

ಹೀಗೆ ಉಬ್ಬೋಕೆ ಎರಡು ಕಾರಣ ಇರುತ್ತವೆ, ನಿಮ್ಮದು ಯಾವುದು ಅಂತ ಮೊದಲು ಗೊತ್ತಾಗಬೇಕು. ಕ್ಲ್ಯಾಂಪ್ ಹಗುರವಾಗಿ ಬಿಗಿದು, ಹಲಗೆ ಚಪ್ಪಟೆ ಇರುವಾಗಲೇ, ಸಂದುಗಳ ಹಿಂದಿನಿಂದ ಟಾರ್ಚ್ ಹಿಡಿದು ಎರಡೂ ತುದಿಯಲ್ಲಿ ನೋಡಿ. ಮೇಲ್ಗಡೆ ಕೂಡಿಕೊಂಡು ಕೆಳಗಡೆ ಸಂದು ಕಾಣಿಸಿದರೆ ಹಲಗೆಯ ಬದಿ ಮೂಲೆಮಟ್ಟಕ್ಕೆ (ಮುಖಕ್ಕೆ ಸರಿಯಾಗಿ 90 ಡಿಗ್ರಿಗೆ) ಇಲ್ಲ ಅಂತ ಅರ್ಥ. ಬಿಗಿಯುತ್ತಾ ಹೋದ ಹಾಗೆ ಆ ಕೆಳಗಿನ ಸಂದು ಮುಚ್ಚುತ್ತದೆ, ನಡು ಮೇಲೇಳುತ್ತದೆ. ಅದೇ ಮೊದಲು ಪೂರ್ತಿ ಕೂಡಿದ್ದ ಸಂದು ಬಿಗಿದ ಮೇಲೆ ಮೇಲ್ಗಡೆ ಬಾಯಿ ಬಿಟ್ಟರೆ ತಪ್ಪು ಕ್ಲ್ಯಾಂಪ್ ಹಾಕಿದ ರೀತಿಯದ್ದು.

ಬದಿಯ ತಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ. ಒಂದೊಂದು ಬದಿ ಅರ್ಧ ಡಿಗ್ರಿ ಓರೆ ಇದ್ದರೆ 1 ಇಂಚು ದಪ್ಪದಲ್ಲಿ ಆಗುವುದು 0.2 ಮಿ.ಮೀ. ಅಷ್ಟೇ. ಆದರೆ ಒಂದು ಸಂದಿಗೆ ಎರಡು ಬದಿ, ಅಂದರೆ 1 ಡಿಗ್ರಿ. ನಿಮಗೆ ಮೂರು ಸಂದು. ಎಲ್ಲವೂ ಒಂದೇ ಕಡೆ ಓರೆ ಇದ್ದರೆ 20 ಇಂಚಿನ ಟಾಪ್ ನಡುವೆ 4 ಮಿ.ಮೀ.ಗಿಂತ ಜಾಸ್ತಿ ಉಬ್ಬುತ್ತದೆ. ನೀವು ಹೇಳಿದ ಲೆಕ್ಕಕ್ಕೆ ಹತ್ತಿರ ಇದೆ ಅಲ್ವಾ?

ಕ್ಲ್ಯಾಂಪಿನ ವಿಷಯ ಹೇಳುವುದಾದರೆ, ಒತ್ತಡ ಹಲಗೆಯ ದಪ್ಪದ ನಡುವಿಗೇ ಬೀಳಬೇಕು. ಕೆಳಗಿನಿಂದ ಮಾತ್ರ ಹಾಕಿದರೆ ಜೋರಾಗಿ ಬಿಗಿದಾಗ ಪೈಪ್ ಸ್ವಲ್ಪ ಬಾಗಿ ಕ್ಲ್ಯಾಂಪಿನ ತಲೆ ಹೊರಕ್ಕೆ ವಾಲುತ್ತದೆ, ಒತ್ತಡವೆಲ್ಲ ಕೆಳ ಅಂಚಿಗೆ ಹೋಗುತ್ತದೆ. ಅದಕ್ಕೇ ಒಂದು ಕೆಳಗೆ, ಒಂದು ಮೇಲೆ, ಮತ್ತೊಂದು ಕೆಳಗೆ ಹಾಕಿ. ಹಲಗೆಯ ಅಡಿ ತೆಳುವಾದ ಪಟ್ಟಿ ಕೊಟ್ಟು ಕ್ಲ್ಯಾಂಪ್ ಸ್ಕ್ರೂನ ನಡು ಹಲಗೆಯ ನಡುವಿಗೆ ಬರುವ ಹಾಗೆ ಎತ್ತರಿಸಿ.

ಹಾವೇರಿ_ಮರಗೆಲಸ

ನಾನಂತೂ ಅಡ್ಡಪಟ್ಟಿ ಇಲ್ಲದೆ ಟಾಪ್ ಅಂಟಿಸುವುದೇ ಇಲ್ಲ. 2 ಇಂಚು ದಪ್ಪದ ನೇರ ರೀಪು ತಗೊಳ್ಳಿ, ಟಾಪಿನ ಮೇಲೊಂದು ಕೆಳಗೊಂದು ಅಡ್ಡ ಇಟ್ಟು ಎರಡು ತುದಿಗೂ ಜಿ-ಕ್ಲ್ಯಾಂಪ್ ಹಾಕಿ. 4 ಅಡಿಗೆ ಮೂರು ಜೋಡಿ ಸಾಕು. ರೀಪಿನ ಒಳಮುಖ ನಡುವೆ ಒಂದು ಮಿ.ಮೀ.ನಷ್ಟು ಉಬ್ಬಿರುವ ಹಾಗೆ ರಂಧಾ ಹೊಡೆದರೆ ತುದಿ ಬಿಗಿದಾಗ ನಡುವಿಗೂ ಒತ್ತಡ ಸಿಗುತ್ತದೆ. ಪ್ಯಾಕಿಂಗ್ ಟೇಪ್ ಸುತ್ತುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರೀಪೂ ಟಾಪಿಗೇ ಅಂಟಿಕೊಂಡು ಕೂರುತ್ತದೆ.

ಮೊದಲು ಪೈಪ್ ಕ್ಲ್ಯಾಂಪ್ ಹಗುರವಾಗಿ, ಆಮೇಲೆ ಅಡ್ಡಪಟ್ಟಿ, ಆಮೇಲೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಸಂದಿನ ಉದ್ದಕ್ಕೂ ಅಂಟು ಸಣ್ಣ ಹನಿಯಾಗಿ ಹೊರಬಂತೋ, ನಿಲ್ಲಿಸಿ. ಬಿಸಿಲುಗಾಲದಲ್ಲಿ ಫೆವಿಕಾಲ್ ಬೇಗ ಕೆನೆ ಕಟ್ಟುತ್ತದೆ, ಎಲ್ಲ ಸಾಮಾನು ಮೊದಲೇ ಕೈಗೆ ಸಿಗುವ ಹಾಗಿರಲಿ.

ಗದಗದ_ಬಡಿಗೇರ

ಅಣ್ಣಾ, ಅಡ್ಡಪಟ್ಟಿ ಬೇಕು, ಒಪ್ಪುತ್ತೇನೆ. ಹಲಗೆ ಒಂದಕ್ಕೊಂದು ಜಾರದೆ ಮೇಲ್ಮೈ ಸಮ ಇರೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬದಿ ಓರೆ ಇದ್ದಾಗ ಅದರಿಂದ ಒತ್ತಿ ಚಪ್ಪಟೆ ಮಾಡಿದರೆ ಒಂದು ಕಡೆ ಸಂದು ಉಳಿದೇ ಉಳಿಯುತ್ತದೆ. ಫೆವಿಕಾಲ್ ಸಂದು ತುಂಬುವ ಅಂಟಲ್ಲ, ಮರಕ್ಕೆ ಮರ ತಾಗಿದರೇ ಅದಕ್ಕೆ ಶಕ್ತಿ. ಮೊದಲು ಬದಿ, ಆಮೇಲೆ ಪಟ್ಟಿ.

ಹುಬ್ಬಳ್ಳಿ_ಹವ್ಯಾಸಿ

ಇಬ್ಬರಿಗೂ ಧನ್ಯವಾದ ರೀ. ಟಾರ್ಚ್ ಹಿಡಿದು ನೋಡಿದೆ, ಎರಡು ಸಂದುಗಳಲ್ಲಿ ಕೆಳಗಡೆ ಬೆಳಕು ಬರುತ್ತಿದೆ. ನನ್ನ ಹತ್ತಿರ ಕೈರಂಧಾ ಮಾತ್ರ ಇದೆ. 4 ಅಡಿ ಉದ್ದಕ್ಕೂ ಮೂಲೆಮಟ್ಟ ಹಿಡಿಯೋದು ಹೇಗೆ? ಇನ್ನೊಂದು, ಪೈಪ್ ತಾಗಿದ ಕಡೆ ಮರ ಕಪ್ಪಾಗುತ್ತದೆ ಅಂತಾರಲ್ಲ, ನಿಜವಾ?

ಗದಗದ_ಬಡಿಗೇರ

ಮೂಲೆಮಟ್ಟ ಹಿಡಿಯಲೇಬೇಕು ಅಂತಿಲ್ಲ, ಅದೇ ಇದರ ಸೊಗಸು. ಪಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಮಡಚಿ, ಕೂಡಬೇಕಾದ ಎರಡೂ ಬದಿ ಮೇಲೆ ಬರುವಂತೆ ವೈಸಿಗೆ ಹಾಕಿ ಒಟ್ಟಿಗೇ ರಂಧಾ ಹೊಡೆಯಿರಿ. ಕೈ ಒಂದು ಕಡೆ ವಾಲಿದರೂ ಒಂದು ಬದಿ ಎಷ್ಟು ಹೆಚ್ಚೋ ಇನ್ನೊಂದು ಅಷ್ಟೇ ಕಡಿಮೆ, ಬಿಡಿಸಿ ಜೋಡಿಸಿದರೆ ಚಪ್ಪಟೆ. ಶುರು ಮಾಡುವ ಮೊದಲು ನಾಲ್ಕೂ ಹಲಗೆ ಮೇಲೆ ಸೇರಿಸಿ ಪೆನ್ಸಿಲಿನಲ್ಲಿ ದೊಡ್ಡ ತ್ರಿಕೋನ ಎಳೆದುಕೊಳ್ಳಿ, ಯಾವುದು ಎಲ್ಲಿ ಅಂತ ಗೊಂದಲ ಆಗುವುದಿಲ್ಲ. ಹಳೆ ಬಾಗಿಲಿನ ಮರ, ಮುರಿದ ಮೊಳೆ ಒಳಗೆ ಉಳಿದಿದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ. ರಂಧಾ ಹೊಡೆದ ದಿನವೇ ಅಂಟಿಸಿ, ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಹೊಸದಾಗಿ ಹೊಡೆದ ಮುಖಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ಕಪ್ಪಾಗುವುದು ನಿಜ. ಹಸಿ ಅಂಟು, ಕಬ್ಬಿಣ, ಮರದ ಒಗರು ಮೂರೂ ಸೇರಿದರೆ ಕಲೆ ಬೀಳುತ್ತದೆ. ಪೈಪಿಗೂ ಪ್ಯಾಕಿಂಗ್ ಟೇಪ್ ಸುತ್ತಿದರೆ ಆಯಿತು.

ಹಾವೇರಿ_ಮರಗೆಲಸ

ಕ್ಲ್ಯಾಂಪ್ ಬಿಚ್ಚಿದ ಮೇಲೆ ಟಾಪನ್ನು ನೆಲದ ಮೇಲೆ ಮಲಗಿಸಬೇಡಿ. ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿ. ಒಂದೇ ಕಡೆ ಒಣಗಿದರೆ ಎಷ್ಟೇ ನೇರ ಅಂಟಿಸಿದ್ದರೂ ಡೊಂಕಾಗುತ್ತದೆ, ನಾಗರಪಂಚಮಿ ಹೊತ್ತಿನ ತಂಪು ಹವೆಯಲ್ಲಂತೂ ಇನ್ನೂ ಜಾಸ್ತಿ. ಪಾಲಿಶ್ ಕೂಡ ಕೆಳಗೆ ಮೇಲೆ ಎರಡೂ ಕಡೆ ಒಂದೇ ಸಮ ಹೊಡೆಯಿರಿ. ಅಂಟು ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬಿಡಿ, ಅದಕ್ಕಿಂತ ಮೊದಲೇ ಮೇಲ್ಮೈ ಹೆರೆದರೆ ಅಂಟಿನ ತೇವಕ್ಕೆ ಉಬ್ಬಿದ ಮರ ಹೋಗಿ, ಆಮೇಲೆ ಸಂದಿನ ಜಾಗ ಕುಸಿದು ಗೆರೆ ಕಾಣುತ್ತದೆ.