ಅಪ್‌ಡೇಟ್: ಅಪ್ಪನ ಹಳೇ ಮಾರುತಿ ಝೆನ್ ಕಾರಿಗೆ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಕೂತಿತು

993 ಸಿಸಿ ಝೆನ್‌ಗೆ ಎಸ್ಟೀಮ್‌ನ 1298 ಸಿಸಿ ಇಂಜಿನ್ ಹಾಕೋದು, ಅದೂ ಮೊದಲ ಸಲ ಕೈಹಾಕೋನಿಗೆ, ಆಗುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಆಗುತ್ತೆ.

ಎರಡೂ ಇಂಜಿನ್ ಸುಜುಕಿಯ ಜಿ ಸರಣಿಯವೇ. ಬೋರ್ (ಸಿಲಿಂಡರಿನ ಅಗಲ) 72ರಿಂದ 74 ಮಿ.ಮೀ. ಅಷ್ಟೇ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) ಮಾತ್ರ 61ರಿಂದ 75.5ಕ್ಕೆ ಏರುತ್ತೆ, ಎಳೆತ ಸಿಗೋದು ಮುಖ್ಯವಾಗಿ ಅಲ್ಲಿಂದ. ಇಂಜಿನ್ ಎತ್ತರ ಜಾಸ್ತಿಯಾಗಿ ಏರ್ ಫಿಲ್ಟರ್ ಡಬ್ಬಿ ಬಾನೆಟ್‌ಗೆ ತಾಗ್ತಿತ್ತು, ಬನ್ನಿಮಂಟಪದ ಮೆಕ್ಯಾನಿಕ್ ಅಣ್ಣ ಚಪ್ಪಟೆ ಡಬ್ಬಿ ಹೊಂದಿಸಿಕೊಟ್ಟರು. ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಹಳೇ ಸಾಧನ) ಇರೋ ಇಂಜಿನ್ನನ್ನೇ ಹುಡುಕಿದ್ದರಿಂದ ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್), ಸೆನ್ಸರ್ ವೈರಿಂಗ್ ಗೋಜೇ ಇಲ್ಲ.

'ಮೊದ್ಲು ಬ್ರೇಕ್ ನೋಡಪ್ಪಾ' ಅಂತ ಆಗ ಹೇಳಿದವರಿಗೆ ದೊಡ್ಡ ನಮಸ್ಕಾರ, ಇಂಜಿನ್ ಜೋರಾದರೆ ಬ್ರೇಕೂ ಜೋರಿರಬೇಕಲ್ಲ. ಎಸ್ಟೀಮ್‌ನ ಮುಂಚಕ್ರದ ಬ್ರೇಕ್ ಡಿಸ್ಕ್, ಅದನ್ನು ಹಿಡಿಯೋ ಕ್ಯಾಲಿಪರ್ ಎಲ್ಲ ಜೊತೆಗೇ ತಂದೆ.

ಆರ್‌ಟಿಒ ಅನುಮತಿ ಕೆಲಸಕ್ಕೆ ಮುಂಚೆಯೇ ಬೇಕು (1988ರ ಮೋಟಾರು ವಾಹನ ಕಾಯ್ದೆ, 52ನೇ ಸೆಕ್ಷನ್). ಸೆಕೆಂಡ್ ಹ್ಯಾಂಡ್ ಎಸ್ಟೀಮ್ ಇಂಜಿನ್ ಕೊಂಡ ರಸೀದಿ ಜೋಪಾನ. ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಏರದಿದ್ದರೆ ಇನ್ಶೂರೆನ್ಸ್‌ನವರು ಕ್ಲೇಮ್‌ನಲ್ಲಿ ತಕರಾರು ತೆಗೀತಾರೆ.

ಚಾಮುಂಡಿ ಬೆಟ್ಟ ಈಗ ಮೂರನೇ ಗೇರಲ್ಲೇ ಹತ್ತುತ್ತೆ, ಎಸಿ ಹಾಕ್ಕೊಂಡು! ಗೇರ್‌ಬಾಕ್ಸ್ ಹಳೇದೇ, ಎರಡನೇ ಗೇರ್ ಬೀಳುವಾಗ ಕಿರ್ರನ್ನುತ್ತೆ. ಗೇರ್ ನಯವಾಗಿ ಕೂರಿಸೋ ಸಿಂಕ್ರೋ ರಿಂಗ್ ಬದಲಿಸೋದು ಮುಂದಿನ ಸಂಬಳಕ್ಕೆ.